ಕಿರುರೈಲಿನ ನಿಲುಗಡೆ: ಯಂತ್ರದ ಪಾಲೆಷ್ಟು, ನಮ್ಮ ಪಾಲೆಷ್ಟು?

ಗಾಡಿಯನ್ನು ಓಡಿಸುವುದಕ್ಕಿಂತ ಅದನ್ನು ತಕ್ಕ ಸ್ಥಳದಲ್ಲಿ ನಿಲ್ಲಿಸುವುದೇ ಕಠಿನವಾದ ವಿದ್ಯೆ. ಮುಂಬಯಿಯಲ್ಲಿ ಬೆಳೆಯುತ್ತಿರುವ ನಮಗೆ ಈ ಮಾತನ್ನು ಯಾರೂ ವಿವರಿಸಿ ಹೇಳಬೇಕಾದುದಿಲ್ಲ. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರದಿಂದ ಠಾಣೆಯವರೆಗೆ ಈ ದೇಶದ ಮೊದಲ ಪ್ರಯಾಣಿಕರ ಗಾಡಿ ಸಂಚರಿಸಿತು. ೧೯೨೫ರ ಫೆಬ್ರವರಿ ೩ರಂದು ಇದೇ ನಗರದಲ್ಲಿ ಕುರ್ಲಾದವರೆಗೆ ಮೊದಲ ವಿದ್ಯುತ್ ಗಾಡಿ ಓಡಿತು. ಅಂದಿನಿಂದ ಇಂದಿನವರೆಗೂ ಈ ನಗರದ ಜೀವನವು ಗಾಡಿ ಎಲ್ಲಿ ನಿಲ್ಲುವುದು, ಎಷ್ಟು ಹೊತ್ತು ನಿಲ್ಲುವುದು ಎಂಬುದನ್ನೇ ಅವಲಂಬಿಸಿ ನಡೆದಿದೆ. ಅರ್ಧ ನಿಮಿಷದ ಆಸುಪಾಸಿನ ನಿಲುಗಡೆಯಲ್ಲಿ ನೂರಾರು ಜನರು ಇಳಿದು, ನೂರಾರು ಜನರು ಹತ್ತುವ ಲೋಕಲ್ ಗಾಡಿಯನ್ನು ನಾವು ದಿನವೂ ಕಾಣುತ್ತೇವೆ. ಆದರೂ ಅದು ನಿಂತದ್ದು ಹೇಗೆ, ಹೊರಟದ್ದು ಯಾರ ಅಪ್ಪಣೆಯಿಂದ ಎಂದು ಯೋಚಿಸುವವರು ನಮ್ಮಲ್ಲಿ ವಿರಳ.

ಈ ಯೋಚನೆಗೆ ನಮ್ಮ ಶಾಲೆಯ ವಿಜ್ಞಾನ ಮಂಡಳದ ಮೇಜಿನ ಮೇಲಿರುವ ಕಿರುರೈಲು ಒಂದು ಅವಕಾಶವನ್ನು ಒದಗಿಸಿದೆ. ಪ್ರದರ್ಶನದ ದಿನ ಅದರ ಸುತ್ತ ನೆರೆಯುವಷ್ಟು ಜನರು ಬೇರಾವ ಮೇಜಿನ ಬಳಿಯಲ್ಲಿಯೂ ನೆರೆಯುವುದಿಲ್ಲ. ಈಗ ಆ ಗಾಡಿಯು ನಿಲ್ದಾಣದಲ್ಲಿ ತಾನಾಗಿಯೇ ನಿಲ್ಲುವಂತೆ ಮಾಡಬೇಕೇ, ಬೇಡವೇ ಎಂಬ ಚರ್ಚೆ ಎದ್ದಿದೆ. ಒಂದು ಪಕ್ಷದವರು, “ಎಲ್ಲವನ್ನೂ ಕೈಯಿಂದಲೇ ಮಾಡೋಣ, ಗಾಡಿ ತಾನಾಗಿ ನಿಂತರೆ ವಿದ್ಯಾರ್ಥಿಗೆ ಕೆಲಸವೇನು ಉಳಿಯಿತು?” ಎನ್ನುತ್ತಾರೆ. ಇನ್ನೊಂದು ಪಕ್ಷದವರು, “ಅಂಗಡಿಯಲ್ಲಿ ಸಿದ್ಧವಾದ ನಿಯಂತ್ರಕ ಪೆಟ್ಟಿಗೆ ದೊರೆಯುತ್ತದೆ, ಅದನ್ನು ತಂದು ಜೋಡಿಸಿದರೆ ನಿಲ್ಲುವುದೂ ಹೊರಡುವುದೂ ತಾನಾಗಿ ನಡೆದುಹೋಗುವುದು” ಎನ್ನುತ್ತಾರೆ. ನಮಗೆ ಈ ಎರಡು ಮಾತುಗಳೂ ಪೂರ್ಣವಾಗಿ ಒಪ್ಪಿಗೆಯಾಗಿಲ್ಲ. ನಿಲ್ಲಿಸುವ ಕೆಲಸವನ್ನು ಯಂತ್ರಕ್ಕೆ ವಹಿಸಬೇಕು. ಆದರೆ ಆ ಯಂತ್ರವನ್ನು ನಾವೇ ಕಟ್ಟಬೇಕು. ಹೊರಡುವ ಅಪ್ಪಣೆಯನ್ನು ಮಾತ್ರ ವಿದ್ಯಾರ್ಥಿಯ ಕೈಯಲ್ಲಿಯೇ ಉಳಿಸಿಕೊಳ್ಳಬೇಕು. ಇದು ನಮ್ಮ ಅಭಿಪ್ರಾಯ. ಇದಕ್ಕೆ ಕಾರಣಗಳನ್ನು ಮುಂದೆ ನಿವೇದಿಸುತ್ತೇವೆ.

ಮೊದಲು ಕೈಗೆಲಸದ ಪಕ್ಷವನ್ನು ವಿಚಾರಿಸೋಣ. ಬೆಳಗಿನಿಂದ ಸಂಜೆಯವರೆಗೆ ಒಬ್ಬ ವಿದ್ಯಾರ್ಥಿಯು ನಿಯಂತ್ರಕದ ತಿರುಗುಗುಂಡಿಯನ್ನು ಹಿಡಿದು ನಿಲ್ಲುತ್ತಾನೆ. ಮೊದಲ ಹತ್ತು ಸುತ್ತುಗಳಲ್ಲಿ ಗಾಡಿ ಪ್ಲಾಟ್‌ಫಾರ್ಮಿಗೆ ಸರಿಯಾಗಿ ನಿಲ್ಲುತ್ತದೆ. ಆಮೇಲೆ ನೋಡಲು ಬಂದವರೊಬ್ಬರು ಪ್ರಶ್ನೆ ಕೇಳುತ್ತಾರೆ, ಅವನು ತಿರುಗಿ ಉತ್ತರ ಹೇಳುವಷ್ಟರಲ್ಲಿ ಗಾಡಿ ನಿಲ್ದಾಣವನ್ನು ದಾಟಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವನ ಕಣ್ಣೂ ಮನಸ್ಸೂ ದಣಿದಿರುತ್ತವೆ. ಒಂದೇ ಕ್ರಿಯೆಯನ್ನು ನೂರು ಸಲ ಒಂದೇ ರೀತಿಯಾಗಿ ಮಾಡುವುದು ಮನುಷ್ಯನ ಸ್ವಭಾವಕ್ಕೆ ಒಗ್ಗಿದ ಕೆಲಸವಲ್ಲ, ಅದು ಯಂತ್ರದ ಕೆಲಸ. ಅದನ್ನು ಯಂತ್ರಕ್ಕೆ ಬಿಟ್ಟುಕೊಟ್ಟರೆ ವಿದ್ಯಾರ್ಥಿಗೆ ನಷ್ಟವೇನೂ ಇಲ್ಲ. ಇಷ್ಟಕ್ಕೂ ಕೆಲಸ ಇಲ್ಲದಾಗುವುದಿಲ್ಲ, ಕೈಯಿಂದ ತಲೆಗೆ ಏರುತ್ತದೆ. ಗಾಡಿಯನ್ನು ತಾನಾಗಿ ನಿಲ್ಲಿಸಬೇಕಾದರೆ ಅದು ಯಾವ ಕಾರಣದಿಂದ ಓಡುತ್ತದೆ, ವಿದ್ಯುತ್ತು ನಿಂತ ಮೇಲೆಯೂ ಎಷ್ಟು ದೂರ ಸರಿಯುತ್ತದೆ ಎಂಬುದನ್ನು ಮೊದಲು ಅಳೆದು ತಿಳಿಯಲೇ ಬೇಕು. ಕೈಯಲ್ಲಿ ಗುಂಡಿ ಹಿಡಿದವನಿಗೆ ಈ ಪ್ರಶ್ನೆಗಳು ಏಳುವುದೇ ಇಲ್ಲ.

ಆ ಅಳತೆಗಳನ್ನು ಈಗ ನೋಡೋಣ. ನಮ್ಮ ಕಿರುರೈಲು ಎಚ್‌ಓ ಎಂಬ ಪ್ರಮಾಣದ್ದು. ಎಂದರೆ ನಿಜವಾದ ಗಾಡಿಯ ೮೭ರಲ್ಲಿ ಒಂದು ಪಾಲು. ಹಳಿಗಳ ನಡುವಣ ಅಂತರ ೧೬.೫ ಮಿಲಿಮೀಟರ್. ಸುಮಾರು ೨೦ ಮೀಟರ್ ಉದ್ದದ ಲೋಕಲ್ ಡಬ್ಬಿಯು ಈ ಪ್ರಮಾಣದಲ್ಲಿ ಸುಮಾರು ೨೩ ಸೆಂಟಿಮೀಟರ್ ಆಗುತ್ತದೆ. ಹನ್ನೆರಡು ಡಬ್ಬಿಗಳ ಗಾಡಿಯನ್ನು ಕಟ್ಟಹೊರಟರೆ ಎರಡು ಮುಕ್ಕಾಲು ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಬೇಕು! ಆದುದರಿಂದ ಒಂದು ಎಂಜಿನ್, ಮೂರು ಡಬ್ಬಿಗಳಿಂದ ನಾವು ತೃಪ್ತರಾಗಿದ್ದೇವೆ. ಎರಡು ಹಳಿಗಳೇ ವಿದ್ಯುತ್ತಿನ ಎರಡು ತಂತಿಗಳು. ೧೨ ವೋಲ್ಟ್‌ನ ಏಕಮುಖ ವಿದ್ಯುತ್ತು ಅವುಗಳ ಮೂಲಕ ಹರಿದು, ಚಕ್ರಗಳ ಮೂಲಕ ಎಂಜಿನ್ನಿನ ಮೋಟಾರನ್ನು ತಲುಪುತ್ತದೆ. ವೋಲ್ಟ್ ಹೆಚ್ಚಿದರೆ ವೇಗ ಹೆಚ್ಚುವುದು. ಧನ ಋಣ ಅದಲುಬದಲಾದರೆ ಗಾಡಿ ಹಿಮ್ಮುಖವಾಗುವುದು.

ಇಷ್ಟು ತಿಳಿದಮೇಲೆ ನಿಲುಗಡೆಯ ಉಪಾಯವು ತಾನಾಗಿ ಹೊಳೆಯುತ್ತದೆ. ನಿಲ್ದಾಣದ ಎದುರಿಗಿರುವ ಒಂದು ಹಳಿಯನ್ನು ಎರಡು ಕಡೆ ಕತ್ತರಿಸಿ, ಆ ಸಂದುಗಳಲ್ಲಿ ವಿದ್ಯುತ್ತು ಹರಿಯದಂತಹ ಪ್ಲಾಸ್ಟಿಕ್ಕಿನ ಜೋಡಣೆಯನ್ನು ಇಟ್ಟರೆ ನಡುವಿನ ತುಂಡು ಪ್ರತ್ಯೇಕವಾಗುತ್ತದೆ. ಅದಕ್ಕೆ ವಿದ್ಯುತ್ತನ್ನು ಕೊಡದಿದ್ದರೆ ಎಂಜಿನ್ ಆ ತುಂಡನ್ನು ಪ್ರವೇಶಿಸಿದೊಡನೆ ಶಕ್ತಿಯನ್ನು ಕಳೆದುಕೊಂಡು, ಸ್ವಲ್ಪ ಸರಿದು ನಿಂತುಬಿಡುವುದು. ತುಂಡು ಎಷ್ಟು ಉದ್ದವಿರಬೇಕು? ಗಾಡಿಯನ್ನು ಹತ್ತು ಸಲ ಓಡಿಸಿ, ಪ್ರತಿ ಸಲವೂ ಎಂಜಿನ್ ನಿಂತ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಬೇಕು. ಅತ್ಯಂತ ದೂರದ ಗುರುತನ್ನೂ ಮೀರಿ ತುಂಡು ಚಾಚಿರಬೇಕು. ಸರಾಸರಿಯನ್ನು ನಂಬಿದವನ ಗಾಡಿಯು ಹತ್ತರಲ್ಲಿ ಕೆಲವು ಸಲವಾದರೂ ನಿಲ್ದಾಣವನ್ನು ಹಾರಿ ಮುಂದಿನ ಹಳಿಯ ವಿದ್ಯುತ್ತನ್ನು ಹಿಡಿದು ಓಡುವುದು. ಗಣಿತದ ತರಗತಿಯಲ್ಲಿ ಸರಾಸರಿ, ಗರಿಷ್ಠ ಎಂದು ನಾವು ಬಾಯಿಪಾಠ ಮಾಡಿದ ಮಾತುಗಳಿಗೆ ಇಲ್ಲಿ ಅರ್ಥ ಬರುತ್ತದೆ.

ಹೀಗೆ ನಿಂತ ಗಾಡಿಯು ಥಟ್ಟನೆ ನಿಲ್ಲುತ್ತದೆ ಎಂಬ ಆಕ್ಷೇಪವಿದೆ, ಅದು ನಿಜ. ಇದಕ್ಕೂ ಸರಳವಾದ ಪರಿಹಾರವುಂಟು. ನಿಲ್ದಾಣಕ್ಕೆ ಮುಂಚಿನ ಇನ್ನೊಂದು ತುಂಡು ಹಳಿಗೆ, ಸಾಲಾಗಿ ಜೋಡಿಸಿದ ನಾಲ್ಕು ಸಿಲಿಕಾನ್ ಡಯೋಡ್‌ಗಳ ಮೂಲಕ ವಿದ್ಯುತ್ತನ್ನು ಕೊಡಬೇಕು. ಒಂದೊಂದು ಡಯೋಡ್ ಸುಮಾರು ೦.೭ ವೋಲ್ಟ್ ಇಳಿಸುವುದರಿಂದ ನಾಲ್ಕೂ ಸೇರಿ ೨.೮ ವೋಲ್ಟ್ ಇಳಿಯುತ್ತದೆ. ೧೨ ಇದ್ದದ್ದು ೯ರ ಸಮೀಪಕ್ಕೆ ಬರುತ್ತದೆ. ಗಾಡಿಯು ಮೊದಲು ನಿಧಾನಿಸಿ, ಅನಂತರ ನಿಲ್ಲುತ್ತದೆ. ಡಯೋಡ್ ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಬಿಡುವುದಾದ್ದರಿಂದ ಈ ಉಪಾಯವು ಒಂದೇ ದಿಕ್ಕಿಗೆ ಓಡುವ ಗಾಡಿಗೆ ಮಾತ್ರ ಸಲ್ಲುತ್ತದೆ ಎಂಬುದನ್ನು ಮರೆಯಬಾರದು.

ಇನ್ನು ಹೊರಡುವ ಮಾತು. ನಿಲುಗಡೆಯ ತುಂಡಿಗೆ ಒಂದು ರಿಲೇಯ ಮೂಲಕ ವಿದ್ಯುತ್ತನ್ನು ಕೊಡಬೇಕು. ರಿಲೇ ಎಂದರೆ ವಿದ್ಯುತ್ ಅಯಸ್ಕಾಂತವು ಸೆಳೆದಾಗ ಮುಚ್ಚಿಕೊಳ್ಳುವ ಸ್ವಿಚ್ಚು. ಅದರ ಜೊತೆಗೆ ೫೫೫ ಎಂಬ ಪುಟ್ಟ ಕಾಲಮಾಪಕ ಬಿಲ್ಲೆಯನ್ನು ಜೋಡಿಸಬಹುದು. ಇದು ೧೯೭೧ರಲ್ಲಿ ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಎಂಬ ಎಂಜಿನಿಯರು ರೂಪಿಸಿದ್ದು; ಅರ್ಧ ಶತಮಾನ ಕಳೆದರೂ ಇಂದಿಗೂ ಬಿಡಿಭಾಗಗಳ ಅಂಗಡಿಯಲ್ಲಿ ಸುಲಭವಾಗಿ ದೊರೆಯುತ್ತದೆ. ಗುಂಡಿಯನ್ನು ಒಂದು ಸಲ ಒತ್ತಿದರೆ ಅದು ಎಣಿಸುವ ಕಾಲವು ರೋಧಕದ ಬೆಲೆ ಹಾಗೂ ಕೆಪಾಸಿಟರಿನ ಬೆಲೆ ಇವುಗಳ ಗುಣಲಬ್ಧದ ೧.೧ರಷ್ಟು. ಒಂದು ಲಕ್ಷ ಓಮ್‌ನ ರೋಧಕವನ್ನೂ ೧೦೦ ಮೈಕ್ರೋಫ್ಯಾರಡ್‌ನ ಕೆಪಾಸಿಟರನ್ನೂ ಇಟ್ಟರೆ ಕಾಲವು ೧೧ ಸೆಕೆಂಡು. ಅಷ್ಟು ಹೊತ್ತು ನಿಲುಗಡೆಯ ತುಂಡಿಗೆ ವಿದ್ಯುತ್ತು ದೊರೆತು, ಎಂಜಿನ್ ಹೊರಗೆ ಸಾಗುತ್ತದೆ. ಅನಂತರ ತುಂಡು ಮತ್ತೆ ನಿರ್ಜೀವವಾಗಿ ಮುಂದಿನ ಆಗಮನಕ್ಕೆ ಕಾದಿರುತ್ತದೆ. ಇಲ್ಲಿಯೂ ಒಂದು ಎಚ್ಚರಿಕೆ ಬೇಕು: ಗಾಡಿಯು ಪೂರ್ತಿ ಸುತ್ತನ್ನು ೧೧ ಸೆಕೆಂಡಿನೊಳಗೆ ಮುಗಿಸುವಂತಿದ್ದರೆ ತುಂಡಿನಲ್ಲಿ ವಿದ್ಯುತ್ತು ಇನ್ನೂ ಇರುವಾಗಲೇ ಮರಳಿ ಬಂದು ನಿಲ್ಲದೆ ಹೋಗುವುದು. ಚಿಕ್ಕ ಸುತ್ತಿಗೆ ಚಿಕ್ಕ ಕಾಲವನ್ನು ಗೊತ್ತುಪಡಿಸಬೇಕು.

ಈಗ ಎರಡನೆಯ ಪಕ್ಷದವರನ್ನು ವಿಚಾರಿಸೋಣ. “ಗುಂಡಿ ಒತ್ತಲಾದರೂ ಮನುಷ್ಯನೇಕೆ? ಎಂಜಿನ್ನಿನ ಅಡಿಯಲ್ಲಿ ಒಂದು ಅಯಸ್ಕಾಂತ, ಹಳಿಗಳ ನಡುವೆ ಒಂದು ರೀಡ್ ಸ್ವಿಚ್ಚು ಇಟ್ಟರೆ ಗಾಡಿ ಬಂದದ್ದು ಯಂತ್ರಕ್ಕೇ ತಿಳಿಯುತ್ತದೆ, ಅದೇ ಕಾಲವನ್ನು ಎಣಿಸಿ ಗಾಡಿಯನ್ನು ಹೊರಡಿಸುತ್ತದೆ” ಎಂಬುದು ಅವರ ವಾದ. ಇದು ಸಾಧ್ಯವೆಂಬುದರಲ್ಲಿ ಸಂದೇಹವಿಲ್ಲ. ೨೦೦೫ರಲ್ಲಿ ಇಟಲಿಯಲ್ಲಿ ಪ್ರಾರಂಭವಾದ ಆರ್ಡುಯಿನೋ ಎಂಬ ಫಲಕವು ಇಂದು ಶಾಲೆಗಳ ಕೈಗೆ ಎಟುಕುವಂತಿದೆ. ಅದರ ಸಹಾಯದಿಂದ ಗಾಡಿಯನ್ನು ಮೆಲ್ಲಮೆಲ್ಲನೆ ನಿಧಾನಿಸಿ ನಿಲ್ಲಿಸಿ, ಮತ್ತೆ ಮೆಲ್ಲನೆ ಹೊರಡಿಸಬಹುದು. ಪುಣೆಯ ಕೋಥ್ರುಡಿನಲ್ಲಿ ೧೯೯೮ರಿಂದ ಇರುವ ಜೋಶಿಯವರ ಕಿರುರೈಲು ಸಂಗ್ರಹಾಲಯವನ್ನೋ, ಜರ್ಮನಿಯ ಹ್ಯಾಂಬರ್ಗಿನಲ್ಲಿ ೨೦೦೧ರಲ್ಲಿ ತೆರೆದ, ಗಣಕಯಂತ್ರವು ನಡೆಸುವ ಮಿನಿಯಾಟೂರ್ ವುಂಡರ್‌ಲ್ಯಾಂಡನ್ನೋ ಕುರಿತು ಕೇಳಿದವರಿಗೆ ನಮ್ಮ ಮೇಜು ತೀರ ಬಡದೆಂದು ತೋರುವುದು ಸಹಜ. ಆದರೆ ಸಿದ್ಧ ಪೆಟ್ಟಿಗೆಯನ್ನು ತರುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ಅದು ಕೆಟ್ಟ ದಿನ ಏನಾಗುವುದು?

ಈ ಪ್ರಶ್ನೆಯಲ್ಲಿಯೇ ನಮ್ಮ ವಾದದ ತಿರುಳಿದೆ. ನಿಲುಗಡೆಯ ವ್ಯವಸ್ಥೆಯನ್ನು ಎರಡು ವಿಧದಲ್ಲಿ ಕಟ್ಟಬಹುದು. ಒಂದರಲ್ಲಿ ತುಂಡು ಹಳಿಯು ಸದಾ ನಿರ್ಜೀವ. ಹೊರಡಲು ಮಾತ್ರ ವಿದ್ಯುತ್ತು ಬರುತ್ತದೆ. ಇನ್ನೊಂದರಲ್ಲಿ ತುಂಡು ಸದಾ ಸಜೀವ. ನಿಲ್ಲಿಸಲು ಮಾತ್ರ ರಿಲೇಯು ವಿದ್ಯುತ್ತನ್ನು ಕಡಿಯುತ್ತದೆ. ಎಲ್ಲವೂ ಸರಿಯಿರುವ ದಿನ ಇವೆರಡಕ್ಕೂ ಭೇದವೇ ಕಾಣದು. ನೋಡುವವರು ಎರಡಕ್ಕೂ ಚಪ್ಪಾಳೆ ತಟ್ಟುವರು. ಆದರೆ ತಂತಿಯೊಂದು ಕಳಚಿತು ಎನ್ನೋಣ. ಮೊದಲನೆಯ ವಿಧದಲ್ಲಿ ಗಾಡಿಯು ನಿಲ್ದಾಣದಲ್ಲಿಯೇ ನಿಂತಿರುತ್ತದೆ. ಪ್ರಯಾಣ ತಡವಾಗುವುದೇ ಹೊರತು ಅನಾಹುತವಿಲ್ಲ. ಎರಡನೆಯ ವಿಧದಲ್ಲಿ ಗಾಡಿಯು ನಿಲ್ಲದೆ ಧಾವಿಸಿ, ಮುಂದೆ ಇನ್ನೊಂದು ಗಾಡಿಯಿದ್ದರೆ ಅದಕ್ಕೆ ಢಿಕ್ಕಿ ಹೊಡೆಯುವುದು. ಕೆಟ್ಟಾಗ ನಿಲ್ಲುವ ಯಂತ್ರ, ಕೆಟ್ಟಾಗ ಓಡುವ ಯಂತ್ರ ಇವುಗಳ ಭೇದವನ್ನು ಅರಿಯದವನು ಎಷ್ಟು ಬೆಲೆಯ ಪೆಟ್ಟಿಗೆಯನ್ನು ಕೊಂಡರೂ ನಿಲುಗಡೆಯ ಮರ್ಮವನ್ನು ಅರಿತಂತಾಗಲಿಲ್ಲ.

ಇದು ಮಕ್ಕಳ ಆಟದ ಮಾತೆಂದು ಯಾರೂ ತಳ್ಳಿಹಾಕದಿರಲಿ. ನಿಜವಾದ ರೈಲುಮಾರ್ಗಗಳ ಸುರಕ್ಷತೆಯು ನಿಂತಿರುವುದೂ ಇದೇ ತತ್ತ್ವದ ಮೇಲೆ. ೧೮೭೨ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಎಂಬವರು ಹಳಿಗಳ ಮೂಲಕವೇ ವಿದ್ಯುತ್ತನ್ನು ಹರಿಸಿ, ಅದರಿಂದ ಒಂದು ರಿಲೇಯನ್ನು ಎತ್ತಿಹಿಡಿಯುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದರು. ಗಾಡಿಯು ಆ ಹಳಿಯ ಮೇಲೆ ಬಂದರೆ ವಿದ್ಯುತ್ತು ಅದರ ಚಕ್ರ ಹಾಗೂ ಅಚ್ಚುಗಳ ಮೂಲಕವೇ ಹಾದುಹೋಗಿ, ರಿಲೇ ಬೀಳುತ್ತದೆ. ಸಂಕೇತದ ಕಂಬವು ಅಪಾಯವನ್ನು ತೋರುತ್ತದೆ. ಹಳಿ ಮುರಿದರೂ ತಂತಿ ತುಂಡಾದರೂ ಬ್ಯಾಟರಿ ಸತ್ತರೂ ರಿಲೇ ಬೀಳುವುದೇ. ಅಪಾಯದ ಸೂಚನೆ ಬರುವುದೇ. ಅದೇ ವರ್ಷ ಜಾರ್ಜ್ ವೆಸ್ಟಿಂಗ್‌ಹೌಸ್ ಅವರು ತಮ್ಮ ಗಾಳಿಯ ಬ್ರೇಕನ್ನು ಸುಧಾರಿಸಿದರು. ಕೊಳವೆಯಲ್ಲಿ ಗಾಳಿಯ ಒತ್ತಡವಿರುವವರೆಗೆ ಬ್ರೇಕು ಸಡಿಲವಾಗಿರುವುದು. ಕೊಳವೆ ಒಡೆದು ಒತ್ತಡ ಇಳಿದರೆ ಬ್ರೇಕು ತಾನಾಗಿ ಬಿಗಿಯುವುದು. ಈ ಇಬ್ಬರೂ ಯಂತ್ರವು ಎಂದೂ ಕೆಡದೆಂದು ನಂಬಿದವರಲ್ಲ. ಕೆಟ್ಟಾಗ ಅದು ಯಾವ ಕಡೆಗೆ ಬೀಳಬೇಕೆಂಬುದನ್ನು ಮುಂಚಿತವಾಗಿ ನಿರ್ಧರಿಸಿದವರು.

ಇನ್ನು ಹೊರಡುವ ಅಪ್ಪಣೆಯು ಮನುಷ್ಯನದಾಗಿರಬೇಕೆಂದು ನಾವೇಕೆ ಹಟ ಹಿಡಿಯುತ್ತೇವೆ? ನಿಲ್ಲುವುದಕ್ಕೆ ಬೇಕಾದದ್ದು ಅಳತೆ. ಹೊರಡುವುದಕ್ಕೆ ಬೇಕಾದದ್ದು ಕಣ್ಣು. ನಮ್ಮ ಲೋಕಲ್ ಗಾಡಿಯನ್ನೇ ನೋಡಿರಿ. ಅದನ್ನು ನಿಲ್ಲಿಸುವವರು ಮುಂದಿನ ಡಬ್ಬಿಯ ಮೋಟರ್‌ಮನ್. ಆದರೆ ಹಿಂದಿನ ಡಬ್ಬಿಯ ಗಾರ್ಡ್ ಅವರು ಪ್ಲಾಟ್‌ಫಾರ್ಮನ್ನು ನೋಡಿ ಗಂಟೆಯ ಸಂಕೇತವನ್ನು ಕೊಟ್ಟ ಹೊರತು ಅವರು ಗಾಡಿಯನ್ನು ಕದಲಿಸುವುದಿಲ್ಲ. ೨೦೨೨ರಲ್ಲಿ ಗಾರ್ಡ್ ಎಂಬ ಹೆಸರು ಟ್ರೇನ್ ಮ್ಯಾನೇಜರ್ ಎಂದು ಬದಲಾಯಿತು. ಅವರ ಕಣ್ಣಿನ ಕೆಲಸ ಮಾತ್ರ ಬದಲಾಗಲಿಲ್ಲ. ಲಂಡನ್ನಿನ ಭೂಗತ ರೈಲಿನ ವಿಕ್ಟೋರಿಯಾ ಮಾರ್ಗವು ೧೯೬೮ರಲ್ಲಿ ತೆರೆದಾಗ ಅಲ್ಲಿಯ ಗಾಡಿಗಳು ನಿಲ್ದಾಣಗಳಲ್ಲಿ ತಾವಾಗಿ ನಿಲ್ಲುತ್ತಿದ್ದವು. ಈ ಪದ್ಧತಿಯನ್ನು ೧೯೬೪ರಿಂದ ವುಡ್‌ಫೋರ್ಡ್ ಮತ್ತು ಹೈನಾಲ್ಟ್ ನಡುವೆ ಓಡಿಸಿ ಪರೀಕ್ಷಿಸಿದ್ದರು. ಆದರೂ ಕೋಣೆಯಲ್ಲಿ ಕುಳಿತವರು ಬಾಗಿಲುಗಳನ್ನು ಮುಚ್ಚಿ, ಎರಡು ಗುಂಡಿಗಳನ್ನು ಒಮ್ಮೆಗೇ ಒತ್ತಿದಲ್ಲದೆ ಗಾಡಿಯು ಹೊರಡುತ್ತಿರಲಿಲ್ಲ. ಅಷ್ಟೊಂದು ಬುದ್ಧಿವಂತ ಯಂತ್ರವನ್ನು ಕಟ್ಟಿದವರೂ ಹೊರಡುವ ಅಪ್ಪಣೆಯನ್ನು ಮನುಷ್ಯನ ಕೈಯಲ್ಲಿ ಉಳಿಸಿದರೆಂಬುದು ಗಮನಿಸತಕ್ಕ ವಿಷಯ.

“ಕಾಲ ಮುಂದುವರಿದಿದೆ, ೨೦೨೦ರ ಡಿಸೆಂಬರ್ ೨೮ರಿಂದ ದೆಹಲಿ ಮೆಟ್ರೋದ ಮೆಜೆಂಟಾ ಮಾರ್ಗದಲ್ಲಿ ಚಾಲಕರಹಿತ ಸಂಚಾರವೇ ಪ್ರಾರಂಭವಾಯಿತಲ್ಲ!” ಎಂದು ಕೆಲವರು ಕೇಳಬಹುದು. ಇದು ಯೋಗ್ಯವಾದ ಪ್ರಶ್ನೆ. ಆದರೆ ಅಲ್ಲಿ ಮನುಷ್ಯನ ಕಣ್ಣಿಗೆ ಬದಲಾಗಿ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಬಾಗಿಲುಗಳಿವೆ. ದೂರದ ನಿಯಂತ್ರಣ ಕೊಠಡಿಯಲ್ಲಿ ಕುಳಿತು ನೋಡುತ್ತಿರುವ ಜನರಿದ್ದಾರೆ. ಕಣ್ಣನ್ನು ತೆಗೆದುಹಾಕಿಲ್ಲ, ಸ್ಥಳಾಂತರಿಸಿದ್ದಾರೆ. ಆ ಏರ್ಪಾಡುಗಳಿಲ್ಲದೆ ಗಾಡಿಯನ್ನು ಮಾತ್ರ ತಾನಾಗಿ ಹೊರಡಿಸಿದರೆ ಅದು ಪ್ರಗತಿಯಲ್ಲ, ಅಲಕ್ಷ್ಯ. ನಮ್ಮ ಮೇಜಿನ ಬಳಿಯಲ್ಲಿಯೇ ನೋಡಿರಿ: ಬಾಲವರ್ಗದ ಮಗುವೊಂದು ಗಾಡಿಯ ಮುಂದೆ ಬೆರಳನ್ನಿಟ್ಟಿರಬಹುದು, ಒಂದು ಡಬ್ಬಿಯ ಚಕ್ರವು ಹಳಿ ತಪ್ಪಿರಬಹುದು. ೫೫೫ ಬಿಲ್ಲೆಗೆ ಇದಾವುದೂ ಕಾಣದು. ಗುಂಡಿಯ ಬಳಿ ನಿಂತ ವಿದ್ಯಾರ್ಥಿಗೆ ಕಾಣುತ್ತದೆ. ಅವನು ದಿನವಿಡೀ ದುಡಿಯಬೇಕಾಗಿಲ್ಲ, ಹೊರಡುವ ಆ ಒಂದು ಕ್ಷಣದಲ್ಲಿ ನೋಡಿದರೆ ಸಾಕು. ಇದಲ್ಲದೆ ರಿಲೇಯ ಸಂಪರ್ಕಗಳೇ ಅಂಟಿಕೊಂಡು ತುಂಡು ಹಳಿಯು ಸಜೀವವಾಗಿ ಉಳಿಯುವ ಸಂಭವವೂ ಉಂಟು. ಆದುದರಿಂದ ಇಡೀ ಹಳಿಯ ವಿದ್ಯುತ್ತನ್ನು ಒಮ್ಮೆಗೇ ಕಡಿಯುವ ಒಂದು ಕೆಂಪು ಸ್ವಿಚ್ಚು ಅವನ ಕೈಗೆ ನಿಲುಕುವಂತಿರಬೇಕು.

ಇಂತಹ ಕೆಲಸದಿಂದ ಎಂತಹ ಜನರು ತಯಾರಾಗುತ್ತಾರೆಂಬುದಕ್ಕೆ ಒಂದು ನಿದರ್ಶನವಿದೆ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳು ೧೯೪೬ರಲ್ಲಿ ಒಂದು ಕಿರುರೈಲು ಸಂಘವನ್ನು ಸ್ಥಾಪಿಸಿದರು. ಅವರು ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಬಳಸುವಂತಹ ರಿಲೇಗಳನ್ನು ತಂದು, ಮೇಜಿನ ಅಡಿಯಲ್ಲಿ ತಾವೇ ತಂತಿ ಎಳೆದು ಗಾಡಿಗಳ ನಿಯಂತ್ರಣವನ್ನು ಕಟ್ಟಿಕೊಂಡರು. ಆ ಸಂಘದ ಸದಸ್ಯರಲ್ಲಿ ಅನೇಕರು ಮುಂದೆ ಗಣಕಯಂತ್ರದ ಮೊದಲ ದಿನಗಳ ಕುಶಲಿಗಳಾಗಿ ಹೆಸರಾದರು. ಮೇಜಿನ ಮೇಲೆ ಓಡುವ ಗಾಡಿಯಷ್ಟೇ ಮೇಜಿನ ಅಡಿಯ ತಂತಿಗಳೂ ಅವರಿಗೆ ಪ್ರಿಯವಾಗಿದ್ದವು. ಸಿದ್ಧ ಪೆಟ್ಟಿಗೆಯನ್ನು ತಂದಿಟ್ಟಿದ್ದರೆ ಆ ಅಡಿಭಾಗವು ಅವರ ಪಾಲಿಗೆ ಬರುತ್ತಿರಲಿಲ್ಲ.

ನಮ್ಮ ಮನೆತನಗಳ ಕಥೆಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಊರು ಬಿಟ್ಟು ಈ ನಗರಕ್ಕೆ ಬಂದು, ಗಿರಣಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಅನ್ಯರು ರೂಪಿಸಿದ ಯಂತ್ರಗಳ ಮುಂದೆ ನಿಂತು ದುಡಿದರು. ಯಂತ್ರದ ಒಳಗನ್ನು ಅರಿಯುವ ಅವಕಾಶವನ್ನು ಅವರಿಗೆ ಯಾರೂ ಕೊಡಲಿಲ್ಲ. ಆ ಅವಕಾಶವು ಇಂದು ನಮಗೆ ಒಂದು ಮೇಜಿನಷ್ಟಾದರೂ ದೊರೆತಿದೆ. ಅದನ್ನು ಮುಚ್ಚಿದ ಪೆಟ್ಟಿಗೆಗೆ ಒಪ್ಪಿಸಿಬಿಡುವುದು ವಿವೇಕವಲ್ಲ. ಅಂತೆಯೇ, ಕನ್ನಡದಲ್ಲಿ ಕಲಿಯುವವರಿಗೆ ಇಂತಹ ವಿದ್ಯೆ ಒಗ್ಗದೆಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇದಕ್ಕೆ ವಾದದಿಂದ ಉತ್ತರ ಕೊಡುವ ಅಗತ್ಯವಿಲ್ಲ. ಪ್ರದರ್ಶನಕ್ಕೆ ಬರುವ ತಾಯಿತಂದೆಗಳಿಗೆ, ಅಜ್ಜಿಯರಿಗೆ, ಗಾಡಿಯು ಏಕೆ ನಿಂತಿತು, ತಂತಿ ಕಳಚಿದರೆ ಏನಾಗುವುದು ಎಂಬುದನ್ನು ಮನೆಮಾತಿನಲ್ಲಿ ತಿಳಿಯುವಂತೆ ಹೇಳಿದರೆ ಸಾಕು. ರಿಲೇ, ಡಯೋಡ್ ಎಂಬ ಹೆಸರುಗಳು ಹಾಗೆಯೇ ಇರಲಿ, ವಿವರಣೆ ನಮ್ಮದಾಗಲಿ. ವಿಷಯವನ್ನು ಅರಿತವನಿಗೆ ಮಾತು ಸಾಲದೆ ಹೋಗುವುದಿಲ್ಲ. ಅರಿಯದವನಿಗೆ ಯಾವ ಭಾಷೆಯೂ ಸಾಲದು.

ಆದುದರಿಂದ ವಿಜ್ಞಾನ ಮಂಡಳದ ಮುಂದೆ ನಮ್ಮ ಸೂಚನೆಯು ಇಷ್ಟು. ಈ ವರ್ಷ ಎಂಟನೆಯ, ಒಂಬತ್ತನೆಯ ಇಯತ್ತೆಯವರು ಸೇರಿ ನಿರ್ಜೀವ ಹಳಿಯ ನಿಲುಗಡೆಯನ್ನೂ ಡಯೋಡ್‌ಗಳ ನಿಧಾನಗತಿಯ ತುಂಡನ್ನೂ ಕಟ್ಟಲಿ. ಅದು ಕೈಗೆ ಹತ್ತಿದ ಮೇಲೆ ರಿಲೇ ಹಾಗೂ ಕಾಲಮಾಪಕಗಳನ್ನು ಸೇರಿಸಲಿ. ಆರ್ಡುಯಿನೋ ಫಲಕವು ಮುಂದಿನ ವರ್ಷದ ಮೆಟ್ಟಲಾಗಲಿ. ಆಗಲೂ ಕೆಟ್ಟಾಗ ನಿಲ್ಲುವ ನಿಯಮವನ್ನು ಬಿಡದಿರಲಿ. ಗೋಡೆಯ ವಿದ್ಯುತ್ತನ್ನು ಯಾರೂ ಮುಟ್ಟಬಾರದು. ಅಧ್ಯಾಪಕರು ಪರೀಕ್ಷಿಸಿ ಕೊಟ್ಟ ೧೨ ವೋಲ್ಟ್‌ನ ಅಡಾಪ್ಟರಿನ ಈಚೆಗಷ್ಟೇ ನಮ್ಮ ಕೈಯಿರಬೇಕು. ಪ್ರದರ್ಶನದ ದಿನ, ನೆರೆದ ಜನರ ಎದುರಿಗೇ ಒಂದು ತಂತಿಯನ್ನು ಬೇಕೆಂದೇ ಕಳಚಿ, ಗಾಡಿಯು ನಿಲ್ದಾಣದಲ್ಲಿ ಸುರಕ್ಷಿತವಾಗಿ ನಿಂತಿರುವುದನ್ನು ತೋರಿಸಬೇಕು. ಓಡುವ ಗಾಡಿಯನ್ನು ಎಲ್ಲರೂ ತೋರಿಸುತ್ತಾರೆ. ಕೆಟ್ಟರೂ ಕೇಡು ಮಾಡದ ಗಾಡಿಯನ್ನು ತೋರಿಸುವವರು ಕಡಿಮೆ.

ವಿದ್ಯಾರ್ಥಿ ಮಿತ್ರರೇ, ನೀವು ಬೆಳೆದು ದೊಡ್ಡವರಾಗುವ ಹೊತ್ತಿಗೆ ಗಾಡಿಗಳಷ್ಟೇ ಅಲ್ಲ, ಇನ್ನೂ ಅನೇಕ ವಸ್ತುಗಳು ತಾವಾಗಿ ನಡೆಯುತ್ತಿರುತ್ತವೆ. ಅವುಗಳನ್ನು ಕಂಡು ಬೆರಗಾಗುವುದೂ ಬೇಡ, ಬೆದರುವುದೂ ಬೇಡ. ಪ್ರತಿಯೊಂದರ ಮುಂದೆಯೂ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸವಿರಲಿ: ಇದು ಕೆಟ್ಟಾಗ ನಿಲ್ಲುವುದೋ, ಓಡುವುದೋ? ಹೊರಡುವ ಮೊದಲು ನೋಡುವ ಕಣ್ಣು ಯಾರದು? ಈ ಎರಡು ಪ್ರಶ್ನೆಗಳನ್ನು ನಮ್ಮ ಕಿರುರೈಲು ಕಲಿಸಿಕೊಟ್ಟರೆ ಅದಕ್ಕಾಗಿ ಕತ್ತರಿಸಿದ ಹಳಿಯೂ ಸುರಿದ ಬೆಸುಗೆಯೂ ಸಾರ್ಥಕವಾಗುವುವು.